ಎಡಗೈಯ ಮೂರು ಸ್ವರಗಳು

ಡಿಸೆಂಬರಿನಲ್ಲಿ ತಾಲಿನ್ ನಗರಕ್ಕೆ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಕೊಡಗಿನ ನಾಪೋಕ್ಲಿನ ನಮ್ಮ ಮನೆಯಲ್ಲಿ ಕಕ್ಕಡ ಮಾಸದ ಮಳೆಗಾಲದ ಕತ್ತಲೆ ಕಂಡು ಬೆಳೆದ ನನಗೂ ಈ ಕತ್ತಲೆ ಹೊಸದಾಗಿತ್ತು. ಅಲ್ಲಿ ಹೆಂಚಿನ ಮೇಲೆ ಮಳೆಯ ಸದ್ದಾದರೂ ಇರುತ್ತದೆ, ಇಲ್ಲಿ ಹಿಮ ಬೀಳುವುದು ಕಿವಿಗೆ ತಿಳಿಯುವುದೇ ಇಲ್ಲ. ಎಸ್ಟೋನಿಯಾಕ್ಕೆ ಕೆಲಸಕ್ಕೆಂದು ಬಂದ ಮೊದಲ ಚಳಿಗಾಲದಲ್ಲಿ, ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅಲ್ಲಿನ ಸಂಗೀತ ಸಂಯೋಜಕ ಆರ್ವೋ ಪ್ಯಾರ್ಟ್ ಅವರ ಪಿಯಾನೋ ಕೃತಿಯೊಂದನ್ನು ಕೇಳಿದೆ. ತಳದಲ್ಲಿ ಒಂದು ಆಳವಾದ ಸ್ವರ. ಅದು ಮೊಳಗುತ್ತಿರುವಾಗಲೇ ಬಹಳ ಎತ್ತರದಲ್ಲಿ ಎರಡು ಕೈಗಳು ಒಂದೊಂದೇ ಸ್ವರವನ್ನು ಜೊತೆಯಾಗಿ ಇಡುತ್ತವೆ, ನಿಲ್ಲುತ್ತವೆ. ಕೆಲವೇ ನಿಮಿಷದ ಕೃತಿ. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ.

ಪ್ಯಾರ್ಟ್ ಹುಟ್ಟಿದ್ದು 1935ರಲ್ಲಿ, ಪೈಡೆ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ರಾಕ್ವೆರೆಯಲ್ಲಿ. ಮನೆಯ ಹಳೆಯ ಪಿಯಾನೋದಲ್ಲಿ ನಡುವಿನ ಸ್ವರಗಳು ಕೆಟ್ಟಿದ್ದರಿಂದ ಹುಡುಗ ಮೇಲಿನ ತುದಿ, ಕೆಳಗಿನ ತುದಿಗಳಲ್ಲೇ ನುಡಿಸುತ್ತಿದ್ದನಂತೆ. ಊರ ಚೌಕದ ಧ್ವನಿವರ್ಧಕದಲ್ಲಿ ಸಂಗೀತ ಬರುವಾಗ ಸೈಕಲ್ಲಿನಲ್ಲಿ ಸುತ್ತು ಹಾಕುತ್ತಲೇ ಕೇಳುತ್ತಿದ್ದನಂತೆ. ಮುಂದೆ ತಾಲಿನ್‌ನಲ್ಲಿ ಹೈನೊ ಎಲ್ಲರ್ ಅವರ ಶಿಷ್ಯರಾಗಿ ಕಲಿತು, ಎಸ್ಟೋನಿಯಾ ರೇಡಿಯೋದಲ್ಲಿ ಧ್ವನಿ ತಂತ್ರಜ್ಞರಾಗಿ ದುಡಿದರು. ಆಗಿನ ಅವರ ಸಂಗೀತ ಕರ್ಕಶವಾದದ್ದು, ಹನ್ನೆರಡು ಸ್ವರಗಳನ್ನು ಸಮನಾಗಿ ಬಳಸುವ ಪದ್ಧತಿಯದು. ಎಸ್ಟೋನಿಯಾವನ್ನು ಆಗ ಆಳುತ್ತಿದ್ದ, ಧರ್ಮವನ್ನು ಒಪ್ಪದ ಸೋವಿಯತ್ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. 1968ರಲ್ಲಿ ವಾದ್ಯವೃಂದದ ನಿರ್ದೇಶಕ ನೀಮೆ ಯಾರ್ವಿ ತಾಲಿನ್‌ನಲ್ಲಿ ನಡೆಸಿಕೊಟ್ಟ ಪ್ಯಾರ್ಟ್ ಅವರ ‘ಕ್ರೆಡೊ’ ಕೃತಿಯಲ್ಲಿ ಗಾಯಕವೃಂದ ‘ನಾನು ಯೇಸು ಕ್ರಿಸ್ತನನ್ನು ನಂಬುತ್ತೇನೆ’ ಎಂದು ಲ್ಯಾಟಿನ್‌ನಲ್ಲಿ ಹಾಡಿದಾಗ ದೊಡ್ಡ ಗದ್ದಲವೇ ಆಯಿತು. ಕೃತಿಯನ್ನು ಮತ್ತೆ ನುಡಿಸದಂತೆ ತಡೆದರು.

ಆಮೇಲೆ ಸುಮಾರು ಎಂಟು ವರ್ಷ ಪ್ಯಾರ್ಟ್ ಹೆಚ್ಚೇನೂ ಬರೆಯಲಿಲ್ಲ. 1971ರ ಮೂರನೆಯ ಸಿಂಫನಿಯನ್ನು ಬಿಟ್ಟರೆ ಆ ಕಾಲವೆಲ್ಲ ಹಳೆಯ ಚರ್ಚುಗಳ ಒಂಟಿ ದನಿಯ ಸ್ತೋತ್ರಗಳ ಅಭ್ಯಾಸದಲ್ಲಿ ಕಳೆಯಿತು. ಹೆಸರು ಮಾಡಿದ ಮನುಷ್ಯ ಒಂದು ರಾಗದ ಸಾಲನ್ನು ಬರೆಯುವುದು ಹೇಗೆಂದು ಮೊದಲಿನಿಂದ ಕಲಿಯಲು ಕೂರುವುದು ಸಣ್ಣ ಮಾತಲ್ಲ. 1976ರಲ್ಲಿ ಅದು ಫಲ ಕೊಟ್ಟಿತು. ಅದೇ ನಾನು ಕೇಳಿದ ‘ಫ್ಯೂರ್ ಅಲೀನಾ’, ಅಂದರೆ ಅಲೀನಾಳಿಗಾಗಿ.

ಈ ಶೈಲಿಗೆ ಅವರು ‘ಟಿಂಟಿನ್ನಾಬುಲಿ’ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಕಿರುಗಂಟೆಗಳು ಎಂದರ್ಥ. ಬಲಗೈ ರಾಗವನ್ನು ನುಡಿಸುತ್ತ ಸ್ವರದಿಂದ ಸ್ವರಕ್ಕೆ ಅಲೆಯುತ್ತದೆ. ಎಡಗೈಗೆ ಇರುವುದು ಮೂರೇ ಸ್ವರ, ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಷಡ್ಜ, ಸಾಧಾರಣ ಗಾಂಧಾರ, ಪಂಚಮ. ಬಲಗೈ ಎಲ್ಲಿ ಹೋದರೂ ಅದರ ಕೆಳಗೆ ಅತಿ ಹತ್ತಿರವಿರುವ ಆ ಮೂರರಲ್ಲೊಂದು ಸ್ವರ ಜೊತೆಗೂಡುತ್ತದೆ. ಸಾಲಿನಿಂದ ಸಾಲಿಗೆ ಒಂದೊಂದು ಸ್ವರ ಹೆಚ್ಚುತ್ತ ಹೋಗಿ, ಆಮೇಲೆ ಒಂದೊಂದೇ ಕಡಿಮೆಯಾಗುತ್ತ ಬರುತ್ತದೆ. ತಾಳದ ಕಟ್ಟಿಲ್ಲ. ಶಾಂತವಾಗಿ, ಉದಾತ್ತವಾಗಿ, ತನ್ನೊಳಗೆ ಕಿವಿಗೊಟ್ಟು ನುಡಿಸಬೇಕೆಂಬ ಸೂಚನೆ ಮಾತ್ರ ಇದೆ. ಒಂದೇ ಒಂದು ಕಡೆ ಎಡಗೈ ತನ್ನ ಮೂರು ಸ್ವರಗಳನ್ನು ಬಿಟ್ಟು ಋಷಭವನ್ನು ಮುಟ್ಟುತ್ತದೆ. ಸ್ವರಲಿಪಿಯಲ್ಲಿ ಆ ಜಾಗದಲ್ಲಿ ಪ್ಯಾರ್ಟ್ ಒಂದು ಪುಟ್ಟ ಹೂವನ್ನು ಬರೆದಿದ್ದಾರೆ.

1980ರಲ್ಲಿ ಅವರು ಹೆಂಡತಿ ನೋರಾ ಮತ್ತು ಇಬ್ಬರು ಗಂಡುಮಕ್ಕಳೊಡನೆ ದೇಶ ಬಿಡಬೇಕಾಯಿತು. ಮೊದಲು ವಿಯೆನ್ನಾ, ಆಮೇಲೆ ಬರ್ಲಿನ್. 1984ರಲ್ಲಿ ಅವರ ‘ತಬುಲಾ ರಾಸಾ’ ಕೃತಿಯ ಧ್ವನಿಮುದ್ರಣ ಹೊರಬಂದು ಹೊರಗಿನ ಜಗತ್ತಿಗೆ ಅವರ ಪರಿಚಯವಾಯಿತು. ಎಸ್ಟೋನಿಯಾ ಸ್ವತಂತ್ರವಾಗಿ ಎಷ್ಟೋ ವರ್ಷಗಳ ಬಳಿಕ ಅವರು ಊರಿಗೆ ಮರಳಿದರು. ತಾಲಿನ್‌ನಿಂದ ಸುಮಾರು 35 ಕಿಲೋಮೀಟರ್ ದೂರದ ಲೌಲಸ್ಮಾದಲ್ಲಿ, ಸಮುದ್ರದ ಬಳಿಯ ಪೈನ್ ಕಾಡಿನೊಳಗೆ, ಅವರ ಹಸ್ತಪ್ರತಿಗಳನ್ನು ಕಾಪಾಡುವ ಕೇಂದ್ರ 2018ರಲ್ಲಿ ತೆರೆಯಿತು. ಮರಗಳ ನಡುವೆ ಆ ಕಟ್ಟಡವನ್ನು ಕಂಡಾಗ ನನಗೆ ನೆನಪಾದದ್ದು ನಮ್ಮ ದೇವರಕಾಡುಗಳು. ಅಲ್ಲಿಯೂ ಜನ ತಾವಾಗಿಯೇ ದನಿ ತಗ್ಗಿಸುತ್ತಾರೆ.

ಕಳೆದ ಸಲ ಪುತ್ತರಿ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಈ ಕೃತಿಯನ್ನು ಮನೆಯವರಿಗೆ ಕೇಳಿಸಿದೆ. ಬಲ್ಯಪ್ಪ, ಅಂದರೆ ದೊಡ್ಡಪ್ಪ, ಮನೆಪಾಟ್ ಹಾಡುತ್ತ, ದುಡಿ ಬಾರಿಸುತ್ತ ಮನೆಮನೆ ತಿರುಗಿದವರು. ನಮ್ಮ ಹಾಡಿನಲ್ಲಿ ಇಬ್ಬರು ಒಂದು ಸಾಲು ಹೇಳಿದರೆ ಎದುರಿನ ಇಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಬಲ್ಯಪ್ಪ ಕಣ್ಣು ಮುಚ್ಚಿ ಕೇಳಿ, “ಇದರಲ್ಲಿ ಎದುರಿನ ಜೋಡಿ ಯಾವುದು?” ಎಂದು ಕೇಳಿದರು. ಎಡಗೈ ಎಂದೆ. “ಅದು ಕಾಯುವುದೇ ಇಲ್ಲವಲ್ಲ, ಜೊತೆಗೇ ಹೇಳುತ್ತದೆ,” ಎಂದರು. ನಾನು ಇಷ್ಟುದ್ದ ವಿವರಿಸಿದ್ದನ್ನು ಅವರ ಕಿವಿ ಒಂದೇ ಸಲಕ್ಕೆ ಹಿಡಿದಿತ್ತು.

ಅವ್ವ ಕಣದಲ್ಲಿ ಒಣಗುತ್ತಿದ್ದ ಕಾಫಿಯನ್ನು ಕೈಯಾಡಿಸಿ ಬಂದು ಬಾಗಿಲಲ್ಲಿ ನಿಂತಿದ್ದಳು. ಅಲೀನಾ ಯಾರೆಂದು ಕೇಳಿದಳು. ಪ್ಯಾರ್ಟ್ ಕುಟುಂಬದ ಸ್ನೇಹಿತರ ಮಗಳು, ಊರು ಬಿಟ್ಟು ಇಂಗ್ಲೆಂಡಿಗೆ ಹೋದವಳು. ಹೋದವಳ ಹೆಸರು ಕೃತಿಗಿದ್ದರೂ ಅದನ್ನು ಬರೆದದ್ದು ಊರಲ್ಲೇ ಉಳಿದ ಅವಳ ತಾಯಿಯ ಸಮಾಧಾನಕ್ಕೆ. ನಾನೂ ಇದನ್ನು ತಿಳಿದದ್ದು ತಡವಾಗಿ. ಅಲ್ಲಿಯವರೆಗೆ ನಾನು ಬಲಗೈಯನ್ನಷ್ಟೇ ಕೇಳುತ್ತಿದ್ದೆ, ದೂರ ಹೋಗುವ ಕೈಯನ್ನು. ಅವ್ವನಿಗೆ ಇಷ್ಟನ್ನೂ ಹೇಳಿದೆ.

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕುಳಿತಳು.

“ಇನ್ನೊಮ್ಮೆ ಹಾಕು,” ಎಂದಳು.