ಕಟ್ಟೆಯಿಂದ ಜಿಗಿದ ಹುಡುಗಿಯರು

ನನ್ನ ಮೊಣಕಾಲು ಹೋಗಿದ್ದು 17ನೇ ವಯಸ್ಸಿನಲ್ಲಿ, ವಾಲಿಬಾಲ್ ಆಡುವಾಗ. ಸ್ಮ್ಯಾಶ್ ಹೊಡೆದು ಕೆಳಗಿಳಿದೆ. ಬಲಗಾಲು ಒಳಕ್ಕೆ ತಿರುಗಿ ಟಕ್ ಅಂತ ಸದ್ದಾಯಿತು. ಯಾರೂ ನನ್ನನ್ನು ತಾಗಿರಲಿಲ್ಲ. ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಗಟ್ಟಿ ನಾರು ಹರಿದಿತ್ತು. ಆಪರೇಷನ್ ಆಯಿತು, ಆಟ ಅಲ್ಲಿಗೇ ನಿಂತಿತು.

ಹಾಗಾಗಿ ಅಕ್ಕನ ಮಗಳು ಎಂಟನೇ ಕ್ಲಾಸಿನಲ್ಲಿ ಶಾಲೆಯ ಟೀಮ್ ಸೇರಿದಾಗ ಖುಷಿಗಿಂತ ಮೊದಲು ಭಯವೇ ಬಂತು. ಒಂದು ಭಾನುವಾರ ಬೆಳಿಗ್ಗೆ ಅವಳನ್ನೂ ಮೂವರು ಗೆಳತಿಯರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಒಂದಡಿ ಎತ್ತರದ ಕಟ್ಟೆ ಇದೆ. ಅದರಿಂದ ಕೆಳಗೆ ಜಿಗಿದು, ನೆಲ ಮುಟ್ಟಿದ ತಕ್ಷಣ ಮತ್ತೆ ಮೇಲಕ್ಕೆ ಹಾರಲು ಹೇಳಿ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿದೆ.

ನೋಡಿದರೆ ಎದೆ ಧಸಕ್ಕೆಂದಿತು. ಪಾದಗಳು ದೂರ ದೂರ, ಮೊಣಕಾಲುಗಳು ಮಾತ್ರ ಒಂದಕ್ಕೊಂದು ತಾಗುವಷ್ಟು ಹತ್ತಿರ.

"ಚಿಕ್ಕಮ್ಮಾ, ನಾನು ಹೀಗಾ ಇಳಿಯೋದು?"

ಅದು ಅವಳೊಬ್ಬಳ ತೊಂದರೆಯಲ್ಲ. ಒಂದೇ ಆಟ ಆಡಿದರೂ ಹುಡುಗರಿಗಿಂತ ಹುಡುಗಿಯರಲ್ಲಿ ಎಸಿಎಲ್ ಹರಿಯುವುದು ಜಾಸ್ತಿ. ಮೈ ಬೆಳೆಯುವ ವಯಸ್ಸಿನಲ್ಲಿ ಎತ್ತರ, ತೂಕ ಬೇಗ ಏರುತ್ತವೆ. ಸೊಂಟದ ಪಕ್ಕದ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳಿಗೆ ಅಷ್ಟೇ ಬಲ ಬಂದಿರುವುದಿಲ್ಲ. ಇಳಿಯುವಾಗ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಫುಟ್‌ಬಾಲ್ ಹುಡುಗಿಯರ ಮೇಲೆ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಬಲ, ಸಮತೋಲನದ ವ್ಯಾಯಾಮಗಳಿದ್ದ ವಾರ್ಮಪ್ ಮಾಡಿದವರಲ್ಲಿ ದೊಡ್ಡ ಗಾಯಗಳು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದ್ದವು. ಸುಮಾರು 20 ನಿಮಿಷದ ಕೆಲಸ ಅದು. ನನಗೆ ಆಗ ಯಾರಾದರೂ ಇದನ್ನು ಹೇಳಿಕೊಡಬೇಕಿತ್ತು ಅಂತ ಈಗಲೂ ಸಂಕಟವಾಗುತ್ತದೆ.

ಅವತ್ತೇ ಶುರು ಮಾಡಿದೆವು. ಸ್ಕ್ವಾಟ್, ಪ್ಲ್ಯಾಂಕ್, ಒಂಟಿಕಾಲಿನಲ್ಲಿ ನಿಲ್ಲುವುದು. ಕೊನೆಗೆ ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ಅನ್ನುವ ವ್ಯಾಯಾಮ: ಅವಳು ಮಂಡಿಯೂರಿದಳು, ನಾನು ಹಿಂದಿನಿಂದ ಕಣಕಾಲು ಒತ್ತಿ ಹಿಡಿದೆ, ಅವಳು ಬೆನ್ನು ನೆಟ್ಟಗಿಟ್ಟು ಮೆಲ್ಲಗೆ ಮುಂದಕ್ಕೆ ಬಾಗಿದಳು. ತೊಡೆ ಗಡಗಡ ನಡುಗುವುದು ನನ್ನ ಕೈಗೇ ಗೊತ್ತಾಗುತ್ತಿತ್ತು. ಮೂರನೇ ಸಲಕ್ಕೆ ಹುಲ್ಲಿನ ಮೇಲೆ ಅಂಗೈ ಊರಿಬಿಟ್ಟಳು.

ಒಂದು ತಿಂಗಳಾದ ಮೇಲೆ ಡಂಬೆಲ್ ತಂದೆ. ಅಮ್ಮ ತಡೆದರು. "ಹೆಣ್ಮಕ್ಕಳಿಗೆ ಭಾರ ಎತ್ತೋದೆಲ್ಲ ಯಾಕೆ?"

"ಅಮ್ಮಾ, ಇವಳ ವಯಸ್ಸಲ್ಲಿ ನೀನು ತಲೆ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ತರ್ತಿದ್ದೆ ಅಲ್ವಾ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆನ್ನು ಬಗ್ಗಿಸಬೇಡ ಅಂತ ಹೇಳು ಅವಳಿಗೆ" ಅಂದರು.

ಮೂರು ತಿಂಗಳಿಗೆ ಅದೇ ಕಟ್ಟೆಯಲ್ಲಿ ಮತ್ತೆ ವಿಡಿಯೋ ಮಾಡಿದೆ. ಅವಳ ಮೊಣಕಾಲು ಪಾದದ ನೇರಕ್ಕೆ ನಿಂತಿತ್ತು. ಗೆಳತಿಯೊಬ್ಬಳ ಎಡಗಾಲು ಮಾತ್ರ ಇನ್ನೂ ಕೊಂಚ ಒಳಕ್ಕೆ ಬಾಗುತ್ತಿದೆ. ಅವಳಿಗೆ ಈ ವಾರದಿಂದ ಒಂಟಿಕಾಲಿನ ಸ್ಕ್ವಾಟ್ ಜಾಸ್ತಿ ಮಾಡಿಸುತ್ತಿದ್ದೇನೆ.