ಜೀಪಣ್ಣನ ಬಿಲ್ ಬುಕ್

ಜುಲೈ 25, 2025, ಶುಕ್ರವಾರ

ಮಧ್ಯಾಹ್ನ ಜೀಪಣ್ಣ ಆಫೀಸಿಗೆ ಬಂದಿದ್ದರು. ನಮ್ಮ ಸಂಶೋಧನಾ ಸಂಸ್ಥೆಯ ಹುಡುಗಿಯೊಬ್ಬಳನ್ನು ಮರ ಅಳೆಯಲು ಕೊಡಗಿನ ದೇವರಕಾಡುಗಳಿಗೆ ತಮ್ಮ ಜೀಪಿನಲ್ಲಿ ಕರೆದೊಯ್ಯುವವರು ಇವರೇ. ಕೊಡೆಯನ್ನು ಬಾಗಿಲ ಹೊರಗೆ ಬಿಟ್ಟು, ಜಾಕೆಟ್ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಬಿಚ್ಚಿದರೆ ಹೊಸ ಬಿಲ್ ಬುಕ್. ಗೋಣಿಕೊಪ್ಪದಲ್ಲಿ ತಗೊಂಡದ್ದಂತೆ. ಕೆಳಗೆ ಕಾರ್ಬನ್ ಇಟ್ಟು ಬರೆಯುವ ತರಹದ್ದು. ಮೊದಲ ಕೆಲವು ಹಾಳೆಗಳಿಗೆ ಆಗಲೇ ಸಹಿ ಹಾಕಿ ತಂದಿದ್ದರು. ಸಹಿ ಬಿಟ್ಟರೆ ಮಿಕ್ಕದ್ದೆಲ್ಲ ಖಾಲಿ.

"ಮೇಡಂ, ನೀವು ಬಿಲ್ಲು ಬಿಲ್ಲು ಅಂತಿದ್ರಲ್ಲ. ತಂದಿದ್ದೀನಿ. ಎಷ್ಟು ಬೇಕೋ ನೀವೇ ಬರ್ಕೊಳ್ಳಿ."

ಎದುರು ಮೇಜಿನ ಅಕೌಂಟ್ಸ್ ಸರ್ ಫೈಲ್ ಅಡ್ಡ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

"ಅಣ್ಣ, ಖಾಲಿ ಬಿಲ್ಲಿಗೆ ಸಹಿ ಹಾಕಿ ಯಾರಿಗೂ ಕೊಡಬೇಡಿ. ನನಗೂ ಕೊಡಬೇಡಿ."

"ಯಾಕೆ, ನೀವೇನು ಮೋಸ ಮಾಡ್ತೀರಾ?"

"ನಾನು ಮಾಡಲ್ಲ. ಆದ್ರೆ ಇದು ಬಿಲ್ ಆಗಲ್ಲ ಅಣ್ಣ. ನಿಮ್ಮ ಜೀಪ್ ಬಿಳಿ ಬೋರ್ಡು."

ಈ ಬಿಳಿ ಬೋರ್ಡಿನ ಕತೆ ಹಿಂದೆಯೂ ಬರೆದಿದ್ದೆ. ಬಾಡಿಗೆ ಗಾಡಿ ಅಂದ ಮೇಲೆ ಹಳದಿ ಬೋರ್ಡ್ ಇರಬೇಕು, ಪರ್ಮಿಟ್ ಇರಬೇಕು. ಸ್ವಂತದ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಮೋಟಾರು ವಾಹನ ಕಾಯ್ದೆಗೇ ವಿರುದ್ಧ. ಆಡಿಟ್‌ನವರು ಬಿಲ್ಲಿನ ಮೇಲಿನ ಗಾಡಿ ನಂಬರನ್ನು ಫೋನಿನಲ್ಲಿ ಹಾಕಿ ನೋಡಿದರೆ ಮುಗಿಯಿತು. ನಿಯಮ ತಪ್ಪು ಅಂತ ನಾನು ಹೇಳಲ್ಲ. ಆದರೆ ದೇವರಕಾಡುಗಳಿಗೆ ಹೋಗುವ ಆ ದಾರಿಗಳಲ್ಲಿ ಮಳೆಗಾಲಕ್ಕೆ ಇಳಿಯುವುದು ತೋಟದ ಜೀಪುಗಳು ಮಾತ್ರ. ತೋಟದ ಜೀಪುಗಳೆಲ್ಲ ಬಿಳಿ ಬೋರ್ಡು. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವವರನ್ನು ಕರೆಯಿರಿ ಅಂತ ಯಾರೋ ಸಲಹೆ ಕೊಟ್ಟಿದ್ದರು. ಅವರು ಕೇಳುವ ರೇಟಿಗೆ ನಮ್ಮ ಟ್ರಾವೆಲ್ ಹೆಡ್ (ಓಡಾಟದ ಖರ್ಚಿಗೆ ಅಂತ ಇಟ್ಟ ದುಡ್ಡಿನ ಬಾಬ್ತು) ಒಂದೇ ತಿಂಗಳಲ್ಲಿ ಬೋಳಾಗುತ್ತದೆ.

ಜೀಪಣ್ಣ ಬಿಡಲಿಲ್ಲ. "ಆ ಹುಡುಗಿ ಪುಸ್ತಕದಲ್ಲಿ ಎಲ್ಲ ಬರೀತಾಳಲ್ಲ? ಯಾವ ದಿನ, ಯಾವ ಕಾಡು, ಎಷ್ಟು ಗಂಟೆಗೆ ಹೋದ್ವಿ, ಯಾವ ಮರ ಎಷ್ಟು ದಪ್ಪ. ನಾನೇ ಟೇಪ್ ಹಿಡಿದಿದ್ದೀನಿ. ಅದು ಸಾಕಾಗಲ್ವಾ?"

ನೋಡಿ, ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಫೀಲ್ಡ್ ನೋಟ್‌ಬುಕ್ ನಂಬಿ ನಾಳೆ ಪೇಪರ್ ಅಚ್ಚಾಗುತ್ತದೆ. ಪ್ರಪಂಚದ ಯಾವುದೋ ಮೂಲೆಯ ವಿಜ್ಞಾನಿ ಅದನ್ನು ಓದಿ ನಂಬುತ್ತಾನೆ. ಆದರೆ ಅದೇ ಪುಸ್ತಕ ನಂಬಿ ಒಂದು ದಿನದ ಜೀಪ್ ದುಡ್ಡು ಕೊಡಲು ನಮಗೆ ಆಗುವುದಿಲ್ಲ. ಕಳೆದ ತಿಂಗಳಷ್ಟೇ ಕೇಂದ್ರದವರು ಸಂಶೋಧನಾ ಸಂಸ್ಥೆಗಳಿಗೆ ಕೊಟೇಶನ್ ಇಲ್ಲದೆ ಸಾಮಾನು ಕೊಳ್ಳುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ, ಮೆಷಿನ್ ಬೇಗ ಬರುತ್ತದೆ. ಆದರೆ ಕಾಡಿನ ದಾರಿ ಗೊತ್ತಿರುವ ಮನುಷ್ಯ ಯಾವ ಖರೀದಿ ಪೋರ್ಟಲ್ಲಿನಲ್ಲೂ ಸಿಗುವುದಿಲ್ಲ. ಜಿಎಸ್‌ಟಿ ನಂಬರ್ ಅಂತೂ ಅವರ ಏಳು ತಲೆಮಾರಿಗೂ ಇಲ್ಲ.

ಟೀ ತರಿಸಿದೆ. ಅರ್ಧ ಕುಡಿದ ಮೇಲೆ ನಿಜ ಸಂಗತಿ ಹೊರಬಂತು.

"ದುಡ್ಡು ನಂಗೆ ಬಂದಿದೆಯಮ್ಮ. ಆ ಮಗುವೇ ಕೊಟ್ಟಿದ್ದಾಳೆ. ಸರ್ಕಾರದ್ದು ಅಂತ ನಾನೂ ತಗೊಂಡೆ. ಮೊನ್ನೆ ಗೊತ್ತಾಯ್ತು, ಅದು ಅವಳ ಕೈಯಿಂದ. ಅವಳಿಗೇ ಸಂಬಳ ಬಂದಿಲ್ಲವಂತಲ್ಲ? ನೀವು ಬಿಲ್ಲಿಗೆ ದುಡ್ಡು ಕೊಟ್ರೆ ಅದನ್ನ ಅವಳಿಗೆ ವಾಪಸ್ ಕೊಡ್ತೀನಿ. ನನಗೆ ಬೇಡ."

ಮೇಡಂ ಹೋಗಿ ಅಮ್ಮ ಆಗಿದ್ದೆ. ಬಿಲ್ ಬುಕ್ ಇನ್ನೂ ನಮ್ಮಿಬ್ಬರ ಮಧ್ಯೆ ಇತ್ತು.

ಹುಡುಗಿಗೆ ಏಪ್ರಿಲ್‌ನಿಂದ ಫೆಲೋಶಿಪ್ ಇಲ್ಲ. ಅವಳಂಥ ಜೂನಿಯರ್ ರಿಸರ್ಚ್ ಫೆಲೋಗೆ (ಜೆಆರ್‌ಎಫ್) 2023ರಿಂದ ತಿಂಗಳಿಗೆ 37,000 ರೂಪಾಯಿ, ಮೊದಲು 31,000 ಇತ್ತು. ಕೇಳಿದವರು ಪರವಾಗಿಲ್ವೇ ಅನ್ನುತ್ತಾರೆ. ಬಂದರೆ ತಾನೇ! ಅದರ ಮೇಲೆ ಮನೆ ಬಾಡಿಗೆ ಭತ್ಯೆ, ಅದೂ ನಮ್ಮ ಊರಿಗೆ ಅತಿ ಚಿಕ್ಕ ದರ್ಜೆಯದ್ದು. ಇಲ್ಲಿ ಒಂದು ರೂಮು ಖಾಲಿಯಾದರೆ ಓನರ್ ಮೊದಲು ಲೆಕ್ಕ ಹಾಕುವುದು ಹೋಂಸ್ಟೇ ಮಾಡಿದರೆ ಎಷ್ಟು ಬರುತ್ತದೆ ಅಂತ.

ದುಡ್ಡು ಯಾಕೆ ಬಂದಿಲ್ಲ ಅಂತ ಜೀಪಣ್ಣನಿಗೆ ಹೇಳಲು ಹೋಗಿ ಸೋತೆ. ಮೊದಲು ಗ್ರಾಂಟ್ ಬಂದರೆ ನಮ್ಮ ಬ್ಯಾಂಕಿನಲ್ಲೇ ಕೂರುತ್ತಿತ್ತು. ಬಡ್ಡಿ ಬೆಳೆಯುತ್ತಿತ್ತು, ಆ ಬಡ್ಡಿಯನ್ನು ಲೆಕ್ಕ ಹಾಕಿ ಸರ್ಕಾರಕ್ಕೆ ವಾಪಸ್ ಕಟ್ಟಬೇಕಿತ್ತು. ಎಷ್ಟೋ ಕಡೆ ದುಡ್ಡು ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತಿತ್ತು ಅನ್ನುವುದೂ ನಿಜ. ಈಗ ಜೀರೋ ಬ್ಯಾಲೆನ್ಸ್ ಅಕೌಂಟ್. ಅದರಲ್ಲಿ ದುಡ್ಡು ಇರುವುದಿಲ್ಲ, ಇಷ್ಟರ ತನಕ ಖರ್ಚು ಮಾಡಬಹುದು ಅನ್ನುವ ಮಿತಿ ಮಾತ್ರ ಇರುತ್ತದೆ. ಮಾರ್ಚ್ 31 ಕಳೆದರೆ ಆ ಮಿತಿಯೂ ಹೋಯಿತು. ಹೊಸ ಮಿತಿ ತೆರೆಯಬೇಕಾದರೆ ಹಳೆಯದರ ಯುಟಿಲೈಸೇಶನ್ ಸರ್ಟಿಫಿಕೇಟ್, ಅಂದರೆ ಕೊಟ್ಟ ದುಡ್ಡು ಹೇಗೆ ಖರ್ಚಾಯಿತು ಅನ್ನುವ ಪತ್ರ, ದೆಹಲಿಗೆ ಹೋಗಬೇಕು. 12-ಎ ಫಾರ್ಮು, ಜೊತೆಗೆ ಖರ್ಚಿನ ತಃಖ್ತೆ.

ನಮ್ಮದು ಹೋಗಿತ್ತು. ವಾಪಸ್ ಬಂತು. ತಃಖ್ತೆಯಲ್ಲಿ ಪೈಸೆ ಇದೆ, ಸರ್ಟಿಫಿಕೇಟಿನಲ್ಲಿ ಪೈಸೆ ಇಲ್ಲ, ಎರಡೂ ತಾಳೆಯಾಗುತ್ತಿಲ್ಲ ಅಂತ. ರೂಪಾಯಿಗೆ ಸರಿ ಮಾಡಿ ಕಳಿಸಿ ಅಂತ ಹೋದ ಸಲ ಹೇಳಿದ್ದು ಅವರೇ! ಪುನಃ ಪಿಐ ಸರ್ (ಯೋಜನೆಯ ಮುಖ್ಯ ಸಂಶೋಧಕರು) ಸಹಿ, ಫೈನಾನ್ಸ್ ಆಫೀಸರ್ ಸಹಿ, ಮುಖ್ಯಸ್ಥರ ಸಹಿ, ಸೀಲು. ಪಿಐ ಸರ್ ಕಾಡಿನಲ್ಲಿ. ಕಾಡಿನಲ್ಲಿ ಟವರ್ ಇಲ್ಲ. ಮಿತಿ ತೆರೆದರೂ ಪಾವತಿ ಮುಂದೆ ಹೋಗಲು ಫೋನಿಗೆ ಓಟಿಪಿ ಬರಬೇಕು. ಗಾಳಿ ಬಂದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ದೆಹಲಿಯಲ್ಲಿ ಕೂತವರಿಗೆ ಕಕ್ಕಡ, ನಮ್ಮ ಜಡಿಮಳೆಯ ತಿಂಗಳು, ಅಂದರೆ ಏನು ಅಂತ ಹೇಗೆ ಬರೆಯುವುದು?

ಜೀಪಣ್ಣ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಪೈಸೆ ಅಂತ ಈಗಲೂ ಇದೆಯಾ?"

ಆಗ ನಿಜವಾಗಿ ನಕ್ಕೆ.

ಅವರು ಹೋದ ಮೇಲೆ ಹುಡುಗಿಯ ವೋಚರ್ ಕಟ್ಟು ಬಿಚ್ಚಿ ಕೂತೆ. ಕರೆಂಟ್ ಇರಲಿಲ್ಲ, ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡೆ. ಹಾಳೆಗಳೆಲ್ಲ ತೇವದಿಂದ ಮೆತ್ತಗಾಗಿವೆ. ಒಂದಕ್ಕೆ ಜಿಗಣೆ ಕಚ್ಚಿದ ರಕ್ತದ ಕಲೆ ಅಂಟಿದೆ. ಜಿಪ್‌ಲಾಕ್ ಕವರ್, ಸಿಲಿಕಾ ಜೆಲ್, ಸುಣ್ಣ, ಹೊಗೆಸೊಪ್ಪು. ಸುಣ್ಣ-ಹೊಗೆಸೊಪ್ಪು ಜಿಗಣೆಗೆ ಅಂತ ಕಂಸದಲ್ಲಿ ಬರೆದಿದ್ದಾಳೆ, ಜಾಣೆ. ಅದರ ಕೆಳಗೆ: "ಹಣ್ಣುಕಾಯಿ, 120 ರೂ."

ಅದು ಊರಿನ ಮುಖ್ಯಸ್ಥರಾದ ತಕ್ಕರು ಹೇಳಿದ್ದು. ಅರಣ್ಯ ಇಲಾಖೆಯ ಅನುಮತಿ ಪತ್ರ ಎಷ್ಟಿದ್ದರೂ ಊರಿನ ತಕ್ಕರ ಮಾತಿಲ್ಲದೆ ದೇವರಕಾಡಿನೊಳಗೆ ಕಾಲಿಡುವ ಹಾಗಿಲ್ಲ. ಅಯ್ಯಪ್ಪನ ಕಾಡು, ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ಇರುವ ಜಾಗ. ಕಾಯಿ ಒಡೆದು ಕೇಳಿಕೊಂಡು ಆಮೇಲೆ ಟೇಪ್ ಹಿಡಿಯಿರಿ ಅಂದರಂತೆ. ಸರಿಯಾಗೇ ಹೇಳಿದ್ದಾರೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳು ಉಳಿದಿರುವುದು ಇಂಥ ಮಾತಿಂದಲೇ ಅಲ್ವಾ? ಈಗ ಈ 120 ರೂಪಾಯಿ ಯಾವ ಹೆಡ್ಡಿಗೆ? ಕನ್ಸ್ಯೂಮಬಲ್ಸ್? ಕಾಯಿ ತಿಂದಿದ್ದಾರೆ, ಹಾಗಾಗಿ ಹೌದು. ಅಕೌಂಟ್ಸ್ ಸರ್ ಬಾಳೆಹಣ್ಣು ತಿನ್ನುತ್ತಾ "ಕಂಟಿಂಜೆನ್ಸಿಗೆ ಹಾಕಿ, 'ಸ್ಥಳೀಯ ಅನುಮತಿ ವೆಚ್ಚ' ಅನ್ನಿ" ಅಂದರು. ಮೂವತ್ತು ವರ್ಷ ಸರ್ವೀಸ್ ಮಾಡಿದ ತಲೆ!

ಅಮ್ಮ ಫೋನ್ ಮಾಡಿದ್ದರು. ಕಣಿಲೆ ನೆನೆಹಾಕಿದ್ದಾರಂತೆ. ಭಾನುವಾರ ಬಾ ಅಂದರು. ರಸ್ತೆ ಮೇಲೆ ಮಣ್ಣು ಜಾರದಿದ್ದರೆ ಹೋಗಬೇಕು. ಕಕ್ಕಡದ ಹದಿನೆಂಟನೇ ದಿನ ಬೇಯಿಸಿ ತಿನ್ನುವ ಮದ್ದು ಸೊಪ್ಪಿಗೆ ಇನ್ನೂ ಒಂಬತ್ತು ದಿನ ಇದೆ. ಹೋದ ವರ್ಷ ಅದರ ಪಾಯಸ ತಿಂದು ದೆಹಲಿಯಿಂದ ಬಂದಿದ್ದ ಎಕ್ಸ್‌ಪರ್ಟ್ ಒಬ್ಬರು ಮರುದಿನ ಬೆಳಿಗ್ಗೆ ಗಾಬರಿಯಾಗಿ ಡಾಕ್ಟರ್ ಕೇಳಿದ್ದು ನೆನಪಿದೆ ತಾನೇ? ಉಚ್ಚೆ ಬಣ್ಣ ತಿರುಗುತ್ತದೆ ಅಂತ ಮೊದಲೇ ಹೇಳುವುದು ಹೇಗೆ ಸ್ವಾಮಿ.

ಬಿಲ್ ಬುಕ್ ಜೀಪಣ್ಣ ಇಲ್ಲೇ ಬಿಟ್ಟು ಹೋಗಿದ್ದಾರೆ. ಸಹಿ ಹಾಕಿದ ಹಾಳೆಗಳಿಗೆ ಅಡ್ಡಗೆರೆ ಎಳೆದು ಬೀರುವಿನಲ್ಲಿಟ್ಟೆ. ಬೇರೆ ಒಂದು ದಾರಿ ಹೊಳೆದಿದೆ. ಜೀಪಿನ ಬಾಡಿಗೆ ಅನ್ನದೆ, ಜೀಪಣ್ಣನನ್ನು ಫೀಲ್ಡ್ ಸಹಾಯಕ ಅಂತ ದಿನಗೂಲಿಗೆ ತೋರಿಸಬಹುದಾ? ಆ ಕೆಲಸ ಅವರು ಮಾಡಿದ್ದೂ ನಿಜ, ಟೇಪ್ ಹಿಡಿದಿದ್ದಾರೆ. ರಸೀದಿ ಸಾಕು, 5,000 ದಾಟಿದರೆ ರೆವಿನ್ಯೂ ಸ್ಟಾಂಪ್. ಆದರೆ ಡೀಸೆಲ್ ಅದರಲ್ಲಿ ಬರುವುದಿಲ್ಲ. ಜೊತೆಗೆ ಮ್ಯಾನ್‌ಪವರ್ ಹೆಡ್ಡಿನಲ್ಲಿ ಫೆಲೋಶಿಪ್‌ಗೆ ಮಾತ್ರ ಮಂಜೂರಾಗಿದೆ, ಬೇರೆ ಹೆಡ್ಡಿನಿಂದ ತಿರುಗಿಸಲು ದೆಹಲಿಗೆ ಬರೆಯಬೇಕು, ಅವರು ಮೊದಲು ಸರ್ಟಿಫಿಕೇಟ್ ಕೊಡಿ ಅನ್ನುತ್ತಾರೆ. ಅಥವಾ ಈ ದಾರಿಯಲ್ಲಿ ಬೇರೆ ಬಾಡಿಗೆ ಗಾಡಿ ಸಿಗುವುದಿಲ್ಲ ಅಂತ ಪಂಚಾಯಿತಿ ಪಿಡಿಒ ಕೈಯಿಂದ ಒಂದು ಪತ್ರ ಬರೆಸಿ, ಕಿಲೋಮೀಟರ್ ಲೆಕ್ಕದಲ್ಲಿ ಹುಡುಗಿಯ ಟಿಎ ಬಿಲ್ಲಿಗೇ ಸೇರಿಸಿದರೆ? ಪಿಡಿಒ ನಮ್ಮ ಅತ್ತಿಗೆಯ ಕಡೆಯವರು. ಸೋಮವಾರ ಫೋನ್ ಮಾಡಿ ಕೇಳಬೇಕು.