ಪಿತ್ತಕೋಶದಲ್ಲಿ ಕಲ್ಲು ಇದೆ ಸರಿ, ನೋವು ಅದರದ್ದೇನಾ?

ಹೋದ ವರ್ಷ ಯುಗಾದಿ ರಾತ್ರಿ ಶುರುವಾಗಿದ್ದು. ಮಧ್ಯಾಹ್ನ ನಾಲ್ಕು ಒಬ್ಬಟ್ಟು, ಮೇಲೆ ಧಾರಾಳವಾಗಿ ತುಪ್ಪ, ರಾತ್ರಿ ಒಬ್ಬಟ್ಟಿನ ಸಾರನ್ನೂ ಬಿಡ್ಲಿಲ್ಲ. ಹನ್ನೊಂದೂವರೆಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡೋಕೆ ಶುರುವಾಯ್ತು ನೋಡಿ, ಬೆನ್ನಿಗೆ ಹೋಗಿ ಬಲ ಹೆಗಲಿನ ಹಿಂದೆ ಕೂತ್ಕೊಂಡ್ತು, ಮಲಗಿದ್ರೂ ಆಗ್ತಿಲ್ಲ ಓಡಾಡಿದ್ರೂ ಆಗ್ತಿಲ್ಲ. ನಮ್ಮನೆಯವರು ಗ್ಯಾಸ್ಟ್ರಿಕ್ಕೇ ಇರ್ಬೇಕು ಅಂತ ಈನೋ ಕೊಟ್ರು, ಅತ್ತೆ ಇಂಗು ಹಾಕಿದ ಮಜ್ಜಿಗೆ ಕೊಟ್ರು, ಅದೆಲ್ಲಾ ವಾಂತಿ ಆದ್ಮೇಲೆ ದೃಷ್ಟಿ ತೆಗೆದ್ರು. ಮೂರು ಗಂಟೆಗೆ ನೋವು ತಾನಾಗೇ ಹೋಯ್ತು. ಕ್ರೆಡಿಟ್ ದೃಷ್ಟಿಗೆ.

ಅದಾದ್ಮೇಲೆ ಬೇರೆ ಥರದ್ದೊಂದು ನೋವು ಹತ್ಕೊಂಡ್ತು. ದಿನಾ ಇರೋದು, ಹೊಟ್ಟೆ ಬಲಗಡೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಚುಚ್ಚೋದು, ಬಗ್ಗಿ ಕಸ ಗುಡಿಸಿದ್ರೆ ಜಾಸ್ತಿ. ಇಸಿಜಿ ನಾರ್ಮಲ್, ಎಂಡೋಸ್ಕೋಪಿ ನಾರ್ಮಲ್, ಲಿವರ್ ಟೆಸ್ಟೂ ನಾರ್ಮಲ್, ಮೂರು ತಿಂಗಳು ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾನ್ 40 ಅನ್ನೋ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದೇ ಬಂತು. ಕೊನೆಗೆ ಸ್ಕ್ಯಾನಿಂಗಲ್ಲಿ ಪಿತ್ತಕೋಶದಲ್ಲಿ ನಾಲ್ಕೈದು ಮಿಲಿಮೀಟರಿನ ಸಣ್ಣ ಸಣ್ಣ ಕಲ್ಲು. ಸತ್ಯ ಹೇಳ್ತೀನಿ, ನಂಗೆ ಖುಷಿನೇ ಆಯ್ತು, ಸದ್ಯ ಏನೋ ಒಂದು ಸಿಕ್ತಲ್ಲ ಅಂತ.

ಸರ್ಜನ್ನು "ಪಿತ್ತಕೋಶನೇ ತೆಗೆದ್ಬಿಡೋಣಮ್ಮ, ಲ್ಯಾಪ್ರೋಸ್ಕೋಪಿ, ನಾಲ್ಕು ತೂತು ಅಷ್ಟೇ, ಮಾರನೇ ದಿನ ಮನೆಗೆ" ಅಂದ್ರು. ತೆಗೆದ್ರೆ ನೋವು ಹೋಗುತ್ತಾ ಸಾರ್ ಅಂದೆ. "ಹೋಗ್ಬೇಕು" ಅಂದ್ರು. ಹೋಗುತ್ತೆ ಅನ್ಲಿಲ್ಲ.

ಆ "ಹೋಗ್ಬೇಕು" ತಲೇಲಿ ಕೊರೀತಾನೇ ಇತ್ತು. ಓದೋಕೆ ಕೂತೆ. ಪಿತ್ತ ತಯಾರಾಗೋದು ಲಿವರಲ್ಲಿ, ಈ ಚೀಲ ಬರೀ ಗೋಡೌನು, ಜಿಡ್ಡು ತಿಂದಾಗ ಹಿಂಡಿ ಕೊಡುತ್ತೆ, ಅದಿಲ್ಲದೇನೂ ಬದುಕ್ಬಹುದು, ಕೆಲವರಿಗೆ ಮಾತ್ರ ಆಮೇಲೆ ಭೇದಿ ಕಾಟ. ಇದೆಲ್ಲಾ ಸಮಾಧಾನನೇ. ಆದ್ರೆ 2019ರಲ್ಲಿ ನೆದರ್ಲ್ಯಾಂಡ್ಸಿನ ಒಂದು ದೊಡ್ಡ ಅಧ್ಯಯನ ಬಂದಿದೆ, ಕಲ್ಲೂ ಇದ್ದು ಹೊಟ್ಟೆನೋವೂ ಇದ್ದ ಸಾವಿರಕ್ಕೂ ಹೆಚ್ಚು ಜನ, ಆಪರೇಷನ್ನೇ ಅಲ್ಲಿ ಮುಖ್ಯ ಚಿಕಿತ್ಸೆ, ಆದ್ರೂ ಒಂದು ವರ್ಷ ಆದ್ಮೇಲೆ ನೂರರಲ್ಲಿ ಸುಮಾರು ನಲವತ್ತು ಜನಕ್ಕೆ ನೋವು ಪೂರ್ತಿ ಹೋಗಿರ್ಲಿಲ್ಲ. ಅಂದ್ರೆ ಕಲ್ಲು ಸಿಕ್ಕಿದ ಕೂಡ್ಲೇ ಎಲ್ಲಾ ನೋವನ್ನೂ ಅದರ ತಲೆಗೆ ಕಟ್ಟೋ ಹಾಗಿಲ್ಲ.

ಅಕ್ಕನ ಬಲವಂತಕ್ಕೆ ಇನ್ನೊಬ್ಬ ವಯಸ್ಸಾದ ಫಿಜಿಷಿಯನ್ ಹತ್ರ ಹೋದೆ. ಅವರು ಫೈಲ್ ಪಕ್ಕಕ್ಕಿಟ್ಟು ಎಲ್ಲಿ ನೋವು ಒಂದೇ ಬೆರಳಲ್ಲಿ ತೋರ್ಸಿ ಅಂದ್ರು. ತೋರಿಸ್ದೆ. ಅಲ್ಲೇ ಒತ್ತಿ ಹಿಡ್ಕೊಂಡು ಈಗ ತಲೆ ಎತ್ತಿ ಅಂದ್ರು, ಎತ್ತಿದೆ, ಅಯ್ಯೋ ಅಂತ ಕಿರುಚಿದೆ. ಹೊಟ್ಟೆ ಒಳಗಿನ ನೋವಾಗಿದ್ರೆ ಸ್ನಾಯು ಬಿಗಿಯಾದಾಗ ಒಳಗಿನದಕ್ಕೆ ಒತ್ತಡ ಕಮ್ಮಿಯಾಗುತ್ತಂತೆ, ಜಾಸ್ತಿ ಆಯ್ತು ಅಂದ್ರೆ ಬಹುಶಃ ನೋವು ಹೊಟ್ಟೆಯ ಗೋಡೆಯಲ್ಲೇ, ಅಲ್ಲಿ ನರ ಸಿಕ್ಕಾಕ್ಕೊಂಡಿರ್ಬಹುದು. ಅದೇ ಜಾಗಕ್ಕೆ ಮರಗಟ್ಟಿಸೋ ಇಂಜೆಕ್ಷನ್ ಕೊಟ್ರು, ಹತ್ತು ನಿಮಿಷಕ್ಕೆ ಎಷ್ಟೋ ತಿಂಗಳ ನೋವು ಮಾಯ! ಎಂಡೋಸ್ಕೋಪಿಗೆ ಕೊಟ್ಟ ದುಡ್ಡು ನೆನಪಾಗಿ ಹೊಟ್ಟೆ ಉರೀತು, ಅದು ಬೇರೆ ಥರದ ಹೊಟ್ಟೆ ಉರಿ.

ಹಾಗಾದ್ರೆ ಆಪರೇಷನ್ ಬೇಡ್ವಾ ಅಂತ ಕೇಳ್ದೆ. ಅವರು ನಗ್ತಾ ಯುಗಾದಿದು ಯಾರದ್ದು ಮತ್ತೆ ಅಂದ್ರು. ಅದು ಪಕ್ಕಾ ಕಲ್ಲಿನದ್ದೇ, ಮತ್ತೆ ಬಂದ್ರೆ ಯೋಚ್ನೆ ಮಾಡಿ, ಜ್ವರ ಬಂದ್ರೆ, ಕಣ್ಣು ಹಳದಿ ಆದ್ರೆ, ನೋವು ಬಿಡದೇ ಇದ್ರೆ ಕಾಯ್ಬೇಡಿ, ಸಣ್ಣ ಕಲ್ಲು ಜಾರಿ ನಾಳದಲ್ಲಿ ಸಿಕ್ಕಾಕ್ಕೊಂಡ್ರೆ ಕಾಮಾಲೆ, ಪ್ಯಾಂಕ್ರಿಯಾಸ್ ಊತ ಎಲ್ಲಾ ಬರುತ್ತೆ ಅಂದ್ರು.

ಬಂತು, ಅದೇ ಹಿಂಡೋ ನೋವು. ನಾದಿನಿ ಮಗಳ ಮದುವೆ ಊಟ ಆಗಿ ಎರಡು ಗಂಟೆಗೆ, ಛತ್ರದ ರೂಮಲ್ಲಿ, ರೇಷ್ಮೆ ಸೀರೆ ಉಟ್ಕೊಂಡೇ ನೆಲದ ಮೇಲೆ ಹೊರಳಾಡಿದೆ.

ಮುಂದಿನ ತಿಂಗಳು ಡೇಟ್ ತಗೊಂಡಿದೀನಿ. ಸರ್ಜನ್ನಿಗೆ ನಾನೇ ಹೇಳ್ದೆ, ಸಾರ್ ಹಿಂಡೋ ನೋವಿಗೆ ಮಾತ್ರ ಮಾಡಿಸ್ಕೊಳ್ತಿರೋದು, ಚುಚ್ಚೋದು ವಾಪಸ್ ಬಂದ್ರೆ ನಿಮ್ಮನ್ನ ಬೈಯಲ್ಲ ಅಂತ. ಅತ್ತೆಗೆ ಮಾತ್ರ ಇನ್ನೂ ಹೇಳಿಲ್ಲ, ಅವರು ಇನ್ನೂ ದೃಷ್ಟಿ ಅಂತಾನೇ ಅಂದ್ಕೊಂಡಿದಾರೆ.